ಹದಿನಾರು ಬಿಟ್‌ಗಳ ಹಣೆಬರಹ

ವಿರಿಡಿಯನ್ ಕಾಡಿನಲ್ಲಿ ಎರಡು ಪಿಕಾಚು ಸಿಕ್ಕವು ಅಂತಿಟ್ಟುಕೊಳ್ಳಿ. ಎರಡೂ ಐದನೇ ಲೆವೆಲ್ಲಿನವು. ಒಂದೇ ಚಿತ್ರ, ಒಂದೇ ಕೂಗು. ಒಂದರ ಸ್ಪೀಡ್ 14, ಇನ್ನೊಂದರದು 15. ಇದನ್ನು ಯಾರೂ ಗಮನಿಸುವುದಿಲ್ಲ. ಗಮನಿಸಿದರೂ ಒಂದು ಅಂಕಿ ತಾನೇ ಅಂತ ಸುಮ್ಮನಾಗುತ್ತಾರೆ. ಈಗ ಎರಡನ್ನೂ ಯಾರ ಜೊತೆಗೂ ಕಾದಾಡಿಸದೆ, ಬರೀ ರೇರ್ ಕ್ಯಾಂಡಿ ತಿನ್ನಿಸಿ ತಿನ್ನಿಸಿ ನೂರನೇ ಲೆವೆಲ್ ಮುಟ್ಟಿಸಿ. ಒಂದರ ಸ್ಪೀಡ್ 185ಕ್ಕೆ ನಿಲ್ಲುತ್ತದೆ, ಇನ್ನೊಂದರದು 215ಕ್ಕೆ. ಒಂದೇ ಕಾಡು, ಒಂದೇ ಜಾತಿ, ಒಂದೇ ತಿನಿಸು. ಮೂವತ್ತರ ಈ ಅಂತರ ಎಲ್ಲಿಂದ ಬಂತು ಅಂತ ಆಟ ಎಲ್ಲೂ ಬಾಯಿ ಬಿಡುವುದಿಲ್ಲ.

ನಮ್ಮಲ್ಲಿ ಇಂಥದ್ದಕ್ಕೆಲ್ಲ ಒಂದೇ ಮಾತು: ಹಣೆಬರಹ. ಹುಟ್ಟಿದ ಹೊತ್ತಿಗೆ ಬರೆದಾಗಿದೆ, ಬರೆದದ್ದು ಯಾರಿಗೂ ಕಾಣುವುದಿಲ್ಲ, ಅಳಿಸಲಿಕ್ಕೂ ಬರುವುದಿಲ್ಲ. ಪೊಕೆಮಾನ್ ಆಟದಲ್ಲಿ ಈ ಬರಹ ಮೊದಲಿಗೆ 16 ಬಿಟ್ ಉದ್ದವಿತ್ತು, ಅಂದರೆ ಎರಡೇ ಎರಡು ಬೈಟು. ಈ ಎರಡು ಬೈಟನ್ನು ಆಟ ಬರೆದವರು ಯಾಕೆ ಬಚ್ಚಿಟ್ಟರು, ಆಡುವವರು ಅದನ್ನು ಹುಡುಕಿ ಏನು ಮಾಡಿಕೊಂಡರು, ಕೊನೆಗೆ ಬಚ್ಚಿಟ್ಟವರೇ ಅದನ್ನು ಹೇಗೆ ಪಳಗಿಸಿದರು ಅನ್ನುವುದು ನನ್ನ ಮಟ್ಟಿಗೆ ಆಟಗಳ ಚರಿತ್ರೆಯ ಬಹಳ ಸ್ವಾರಸ್ಯದ ಅಧ್ಯಾಯ. ಆಟ ಆಡದವರಿಗೂ ಅರ್ಥವಾಗುವ ಹಾಗೆ ಹೇಳಲು ನೋಡುತ್ತೇನೆ. ಸ್ವಲ್ಪ ಕೂಡೋದು ಕಳೆಯೋದು ಇರುತ್ತೆ, ಸಹಿಸಿಕೊಳ್ಳಿ.

ಸಾತೊಶಿ ತಜಿರಿ ಟೋಕಿಯೊ ಹೊರವಲಯದ ಮಚಿದಾದಲ್ಲಿ ಬೆಳೆದವರು. ಹುಡುಗನಾಗಿದ್ದಾಗ ಹುಳು ಹಿಡಿಯುವ ಹುಚ್ಚು. ಕೆರೆ, ಗದ್ದೆ ಹೋಗಿ ಕಟ್ಟಡಗಳಾದವು, ಹುಳುಗಳೂ ಹೋದವು. 1983ರಲ್ಲಿ ‘ಗೇಮ್ ಫ್ರೀಕ್’ ಅಂತ ಕೈಬರಹದ ಪತ್ರಿಕೆಯೊಂದನ್ನು ಶುರು ಮಾಡಿದರು. ಅಂಗಡಿಗಳಲ್ಲಿ ಕಾಸು ಹಾಕಿ ಆಡುವ ವಿಡಿಯೋ ಗೇಮುಗಳ ಒಳಗುಟ್ಟು, ಉಪಾಯಗಳೇ ಅದರ ಸರಕು. 1989ರಲ್ಲಿ ಅದೇ ಹೆಸರಿನ ಕಂಪನಿಯಾಯಿತು. ಎರಡು ಗೇಮ್‌ಬಾಯ್‌ಗಳನ್ನು ಜೋಡಿಸುವ ಕೇಬಲ್ ನೋಡಿದಾಗ ಅದರೊಳಗೆ ಹುಳುವೊಂದು ಆಚೆಯಿಂದ ಈಚೆಗೆ ಹರಿದು ಬರುವ ಹಾಗೆ ಕಂಡಿತು ಅಂತ ತಜಿರಿ ಮುಂದೆ ಹೇಳಿಕೊಂಡಿದ್ದಾರೆ. ಆ ಕಲ್ಪನೆಯಿಂದ ಹುಟ್ಟಿದ ‘ಪೊಕೆಮಾನ್ ರೆಡ್’ ಮತ್ತು ‘ಗ್ರೀನ್’ ಜಪಾನಿನಲ್ಲಿ ಬಿಡುಗಡೆಯಾದದ್ದು 1996ರ ಫೆಬ್ರವರಿ 27ರಂದು.

ಹುಳು ಹಿಡಿದ ಯಾವ ಹುಡುಗನಿಗೂ ಗೊತ್ತಿರುವ ಸಂಗತಿ: ಒಂದು ದುಂಬಿಯ ಹಾಗೆ ಇನ್ನೊಂದು ಇರುವುದಿಲ್ಲ. ಒಂದರ ಕೊಂಬು ದೊಡ್ಡದು, ಇನ್ನೊಂದು ಚುರುಕು. ಬದಲಾಯಿಸಿಕೊಳ್ಳುವ ಆಟಕ್ಕೆ ಇದೇ ಜೀವ. ನಿನ್ನ ಪಿಕಾಚು, ನನ್ನ ಪಿಕಾಚು ತದ್ರೂಪು ಅಂತಾದರೆ ಕೇಬಲ್ ಹಾಕಿಕೊಂಡು ಕೊಡು ಕೊಳ್ಳು ಯಾಕೆ ಮಾಡಬೇಕು? ಒಂದೊಂದಕ್ಕೂ ಬೇರೆ ಬೇರೆ ಚಿತ್ರ ಬರೆಯಲಂತೂ ಆ ಸಣ್ಣ ಕಾರ್ಟ್ರಿಜ್‌ನಲ್ಲಿ ಜಾಗವಿಲ್ಲ. ಹಾಗಾಗಿ ವ್ಯತ್ಯಾಸ ಅಂಕಿಯೊಳಗೆ ಹೋಗಿ ಕೂತಿತು.

ಈ ಆಟದ ಒಳಗುಟ್ಟನ್ನು ಆಸಕ್ತರು ಸಾಲುಸಾಲಾಗಿ ಬಿಡಿಸಿ, ಟಿಪ್ಪಣಿ ಹಚ್ಚಿ ಇಟ್ಟಿದ್ದಾರೆ. ಹೊಟ್ಟೆಪಾಡಿಗೆ ಪ್ರೋಗ್ರಾಮ್ ಬರೆಯುವ ನನಗೆ ಅದನ್ನು ಓದುವುದು ಹಳೆಯ ಕಡತ ಓದಿದ ಹಾಗೆ. ಪೆಟ್ಟಿಗೆಯಲ್ಲಿ ಇಟ್ಟ ಒಂದು ಪೊಕೆಮಾನ್ ಅಂದರೆ 33 ಬೈಟು, ಅಷ್ಟೇ. ಅದರಲ್ಲಿ ಎರಡು ಬೈಟು ಹಣೆಬರಹಕ್ಕೆ: ಅಟ್ಯಾಕ್, ಡಿಫೆನ್ಸ್, ಸ್ಪೀಡ್, ಸ್ಪೆಷಲ್ ನಾಲ್ಕಕ್ಕೂ ನಾಲ್ಕು ನಾಲ್ಕು ಬಿಟ್. ನಾಲ್ಕು ಬಿಟ್‌ನಲ್ಲಿ ಸೊನ್ನೆಯಿಂದ 15ರವರೆಗೆ ಬರೆಯಬಹುದು. ಐದನೆಯ ಗುಣವಾದ ಎಚ್‌ಪಿ, ಅಂದರೆ ಪ್ರಾಣಶಕ್ತಿಗೆ ಜಾಗ ಉಳಿಯಲಿಲ್ಲ. ಅದಕ್ಕೊಂದು ಚಮತ್ಕಾರ ಮಾಡಿದ್ದಾರೆ. ಉಳಿದ ನಾಲ್ಕು ಅಂಕಿಗಳು ಬೆಸವೋ ಸಮವೋ ನೋಡು. ಅಟ್ಯಾಕ್ ಬೆಸವಾದರೆ 8, ಡಿಫೆನ್ಸ್ ಬೆಸವಾದರೆ 4, ಸ್ಪೀಡಿಗೆ 2, ಸ್ಪೆಷಲ್‌ಗೆ 1. ಕೂಡಿದರೆ ಎಚ್‌ಪಿಯ ಪಾಲು. ಬೇರೆಯವರ ಚಿಲ್ಲರೆ ಕೂಡಿಹಾಕಿ ಐದನೆಯವನಿಗೆ ಹಂಚಿದ ಹಾಗೆ. ಈ ಜುಗ್ಗತನ ಕಂಡಾಗಲೆಲ್ಲ ನನಗೆ ಸಂತೋಷವಾಗುತ್ತೆ.

ಅದೇ 33 ಬೈಟಿನಲ್ಲಿ ಇನ್ನೊಂದು ಲೆಕ್ಕವೂ ಇದೆ, ಮತ್ತು ಅದಕ್ಕೆ ಮೀಸಲಾದದ್ದು ಹತ್ತು ಬೈಟು. ಅದು ದುಡಿಮೆಯ ಖಾತೆ. ನಿಮ್ಮ ಪೊಕೆಮಾನ್ ಯಾರನ್ನು ಸೋಲಿಸಿತೋ ಆ ಜಾತಿಯ ಮೂಲ ಅಂಕಿಗಳು ಸದ್ದಿಲ್ಲದೆ ಇದರ ಖಾತೆಗೆ ಜಮಾ ಆಗುತ್ತವೆ. ಪಿಕಾಚುವನ್ನು ಸೋಲಿಸಿದರೆ ಸ್ಪೀಡಿಗೆ 90, ಅಟ್ಯಾಕಿಗೆ 55, ಹೀಗೆ. ಪ್ರತಿ ಗುಣದ ಖಾತೆಯೂ 65,535ರವರೆಗೆ ಬೆಳೆಯುತ್ತದೆ. ಅದರ ವರ್ಗಮೂಲ ತೆಗೆದು ನಾಲ್ಕರಿಂದ ಭಾಗಿಸಿದರೆ ನೂರನೇ ಲೆವೆಲ್ಲಿನಲ್ಲಿ ಸಿಗುವ ಲಾಭ, ಹೆಚ್ಚೆಂದರೆ 63. ಗೇಮ್‌ಬಾಯ್‌ನ ಪ್ರೊಸೆಸರ್‌ಗೆ ವರ್ಗಮೂಲ ಹಾಗಿರಲಿ, ಗುಣಾಕಾರದ ಆಜ್ಞೆಯೂ ಇಲ್ಲ. ಆದ್ದರಿಂದ ಒಂದರ ವರ್ಗ ಸಾಕೇ, ಎರಡರ ವರ್ಗ ಸಾಕೇ, ಮೂರರದು ಸಾಕೇ ಅಂತ ಒಂದೊಂದೇ ಮೆಟ್ಟಿಲು ಹತ್ತಿ ನೋಡುತ್ತೆ ಪಾಪದ ಯಂತ್ರ. ವರ್ಗಮೂಲದ ದೆಸೆಯಿಂದ ಮೊದಮೊದಲ ದುಡಿಮೆಗೆ ಫಲ ಜಾಸ್ತಿ. ಕಾಲು ಭಾಗ ಖಾತೆ ತುಂಬಿದರೇ ಅರ್ಧ ಲಾಭ ಕೈಗೆ ಬಂದಿರುತ್ತದೆ.

ಇಲ್ಲಿ ಒಂದು ಕ್ಷಣ ನಿಲ್ಲಿ. ಹುಟ್ಟಿನಿಂದ ಬರುವ ಅಂತರ ಹೆಚ್ಚೆಂದರೆ 30. ದುಡಿಮೆಯಿಂದ ಬರುವುದು 63. ಜಾಗದಲ್ಲಿ ನೋಡಿದರೆ ಹಣೆಬರಹಕ್ಕೆ ಎರಡು ಬೈಟು, ದುಡಿಮೆಗೆ ಹತ್ತು. ಮೊದಲ ಆಟ ಬರೆದವರ ಒಲವು ಎತ್ತ ಇತ್ತು ಅನ್ನುವುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಿಲ್ಲ. ಅತಿ ಕೆಟ್ಟ ಹಣೆಬರಹದ ಪಿಕಾಚುವೂ ಚೆನ್ನಾಗಿ ದುಡಿದರೆ ಸ್ಪೀಡ್ 248 ಮುಟ್ಟುತ್ತದೆ. ಅತ್ಯುತ್ತಮ ಹಣೆಬರಹದ ಸೋಮಾರಿ 215ಕ್ಕೇ ನಿಲ್ಲುತ್ತದೆ.

ಈ ಖಾತೆ ಇದೆ ಅನ್ನುವ ಸುಳಿವು ಆಟದೊಳಗೆ ಇರಲೇ ಇಲ್ಲ ಅಂತಲ್ಲ. ಪ್ರೋಟೀನ್, ಐರನ್, ಕಾರ್ಬೋಸ್ ಅಂತ ಟಾನಿಕ್‌ಗಳು ಅಂಗಡಿಯಲ್ಲಿ ಸಿಗುತ್ತಿದ್ದವು, ಒಂದಕ್ಕೆ 9,800. ಪ್ರತಿಯೊಂದೂ ಖಾತೆಗೆ 2,560 ಜಮಾ ಮಾಡುತ್ತದೆ. 25,600 ಆದ ಮೇಲೆ ಟಾನಿಕ್ ಕುಡಿಸಿದರೆ ಪ್ರಯೋಜನವಿಲ್ಲ ಅನ್ನುತ್ತದೆ ಆಟ. ದುಡ್ಡು ಸುರಿದರೆ 63ರಲ್ಲಿ 40ರವರೆಗೆ ಕೊಳ್ಳಬಹುದು, ಉಳಿದದ್ದಕ್ಕೆ ಬೆವರೇ ಗತಿ. ರೇರ್ ಕ್ಯಾಂಡಿ ತಿನ್ನಿಸಿ ಬೆಳೆಸಿದ ಪೊಕೆಮಾನ್ ಪೊಳ್ಳು ಅಂತ ಮಕ್ಕಳ ನಡುವೆ ಒಂದು ವದಂತಿ ಇತ್ತಲ್ಲ, ಅದು ನಿಜವೇ ಆಗಿತ್ತು. ಲೆವೆಲ್ ಏರಿತು, ಖಾತೆ ಖಾಲಿ. ಪೆಟ್ಟಿಗೆಯಲ್ಲಿಟ್ಟು ವಾಪಸ್ ತೆಗೆದರೆ ಪೊಕೆಮಾನ್ ಬಲವಾಗುತ್ತೆ ಅನ್ನುವ ಮಾತೂ ನಿಜ. ಜೊತೆಯಲ್ಲಿರುವ ಪೊಕೆಮಾನ್‌ಗೆ 44 ಬೈಟು, ಪೆಟ್ಟಿಗೆಯಲ್ಲಿರುವುದಕ್ಕೆ 33. ಜಾಗ ಉಳಿಸಲು ಲೆಕ್ಕಹಾಕಿದ ಅಂಕಿಗಳನ್ನು ಬಿಸಾಕಿ, ಹೊರತೆಗೆಯುವಾಗ ಹೊಸದಾಗಿ ಲೆಕ್ಕ ಹಾಕುತ್ತಾರೆ. ಆಗ ಬಾಕಿ ಇದ್ದ ದುಡಿಮೆಯ ಫಲವೆಲ್ಲ ಒಟ್ಟಿಗೇ ಬಂದು ಕೂಡಿಕೊಳ್ಳುತ್ತೆ. ಆಟದ ಮೈದಾನದ ಮೂಢನಂಬಿಕೆಗಳಲ್ಲಿ ಇಷ್ಟು ಸತ್ಯ ಇರುತ್ತೆ ಅಂತ ಯಾರು ಅಂದುಕೊಂಡಿದ್ದರು?

ಇನ್ನೊಂದು ವಿಷಯ, ಇದು ನನಗೆ ಬಹಳ ಇಷ್ಟ. ದಾರಿಯಲ್ಲಿ ಎದುರಾಗುವ ಆಟದೊಳಗಿನ ಎದುರಾಳಿಗಳಿರುತ್ತಾರಲ್ಲ, ಜಿಮ್ ನಾಯಕರೂ ಸೇರಿ, ಅವರ ಪೊಕೆಮಾನ್‌ಗಳ ಗುಪ್ತ ಅಂಕಿ ಎಲ್ಲರದೂ ಒಂದೇ: ಅಟ್ಯಾಕಿಗೆ 9, ಉಳಿದದ್ದಕ್ಕೆಲ್ಲ 8. ಅವುಗಳಿಗೆ ಹಣೆಬರಹವೇ ಇಲ್ಲ, ಸರಾಸರಿ ಮಾತ್ರ. ನಾವು ಹಿಡಿದು ಸಾಕಬಹುದಾದ ಜೀವಕ್ಕಷ್ಟೇ ತನ್ನದೇ ಆದ ಜಾತಕ.

ಬಚ್ಚಿಟ್ಟ ಲೆಕ್ಕದ ಇನ್ನೊಂದು ಮುಖವನ್ನೂ ಹೇಳಿಬಿಡಬೇಕು. ಕಾಣದ ಕಡೆ ತಪ್ಪುಗಳೂ ನೆಮ್ಮದಿಯಾಗಿ ಬದುಕುತ್ತವೆ. ‘ಫೋಕಸ್ ಎನರ್ಜಿ’ ಅನ್ನುವ ಪಟ್ಟು ಭಾರಿ ಏಟು ಬೀಳುವ ಸಂಭವವನ್ನು ಹೆಚ್ಚಿಸಬೇಕಿತ್ತು. ಮೊದಲ ಆಟದಲ್ಲಿ ಅದು ಸಂಭವವನ್ನು ಕಾಲು ಭಾಗಕ್ಕೆ ಇಳಿಸುತ್ತಿತ್ತು. ನೂರಕ್ಕೆ ನೂರು ತಾಗುತ್ತದೆ ಅಂದ ಏಟು 256ರಲ್ಲಿ ಒಂದು ಸಲ ತಪ್ಪುತ್ತಿತ್ತು. ಮಕ್ಕಳು ಹಲ್ಲು ಕಚ್ಚಿ ಫೋಕಸ್ ಎನರ್ಜಿ ಒತ್ತುತ್ತಲೇ ಇದ್ದರು.

1999ರ ನವೆಂಬರ್ 21ಕ್ಕೆ ‘ಗೋಲ್ಡ್’ ಮತ್ತು ‘ಸಿಲ್ವರ್’ ಬಂದವು. ಹಳೆಯ ಆಟದ ಜೊತೆ ಕೊಡು ಕೊಳ್ಳು ಸಾಧ್ಯವಾಗಬೇಕಿತ್ತು, ಆದ್ದರಿಂದ ಆ ಎರಡು ಬೈಟುಗಳನ್ನು ಮುಟ್ಟುವಂತಿರಲಿಲ್ಲ. ಹೊಸ ಆಟದಲ್ಲೋ ಗಂಡು ಹೆಣ್ಣು ಬೇಕು, ಅಪರೂಪದ ಬಣ್ಣ ಬೇಕು, ಮೊಟ್ಟೆ ಮರಿ ಬೇಕು. ಹೊಸ ಜಾಗ ಕೇಳದೆ ಎಲ್ಲವನ್ನೂ ಅದೇ 16 ಬಿಟ್‌ಗಳಿಂದ ಹಿಂಡಿದರು. ಡಿಫೆನ್ಸ್, ಸ್ಪೀಡ್, ಸ್ಪೆಷಲ್ ಮೂರೂ ಸರಿಯಾಗಿ 10 ಇದ್ದು, ಅಟ್ಯಾಕ್ ನಿಗದಿಯಾದ ಎಂಟು ಅಂಕಿಗಳಲ್ಲಿ ಒಂದಾದರೆ ಆ ಪೊಕೆಮಾನ್‌ಗೆ ಬೇರೆ ಬಣ್ಣ. ಅದೇ ಶೈನಿ, ಸಂಭವ 8,192ರಲ್ಲಿ ಒಂದು. ಅನೋನ್ ಅನ್ನುವ ಅಕ್ಷರ ರೂಪದ ಪೊಕೆಮಾನ್ ಯಾವ ಅಕ್ಷರ ಅನ್ನುವುದೂ ಇದರಿಂದಲೇ. ನಾಲ್ಕೂ ಅಂಕಿಗಳ ನಡುವಿನ ಎರಡೆರಡು ಬಿಟ್ ಜೋಡಿಸಿ ಹತ್ತರಿಂದ ಭಾಗಿಸುತ್ತಾರೆ. 256 ಅಂಕಿ 26 ಅಕ್ಷರಕ್ಕೆ ಸಮನಾಗಿ ಹಂಚಿಹೋಗದೆ ಕೊನೆಯ ಅಕ್ಷರಕ್ಕೆ ಆರೇ ಉಳಿದು ಪಾಪ ಅದು ಅಪರೂಪವಾಯಿತು.

ಇದರಿಂದ ಒಂದು ವಿಚಿತ್ರವಾಯಿತು. 1996ರಲ್ಲಿ ಯಾವನೋ ಹುಡುಗ ಹಿಡಿದ ಒಂದು ಪೊಕೆಮಾನ್‌ನಲ್ಲಿ ಆಕಸ್ಮಿಕವಾಗಿ 10, 10, 10 ಬಂದಿದ್ದರೆ, ಮೂರು ಚಿಲ್ಲರೆ ವರ್ಷದ ಮೇಲೆ ಅದನ್ನು ‘ಗೋಲ್ಡ್’ಗೆ ಕಳಿಸಿದ ತಕ್ಷಣ ಅದು ಬಣ್ಣ ಬದಲಿಸಿ ಮಿನುಗುತ್ತಿತ್ತು. ಹಿಡಿದ ದಿನ ಶೈನಿ ಅನ್ನುವ ಕಲ್ಪನೆ ಆಟದೊಳಗೆ ಇರಲಿಲ್ಲ. ಬರಹ ಇತ್ತು, ಓದುವವರು ಆಮೇಲೆ ಬಂದರು.

ಆದರೆ ಗಂಡು ಹೆಣ್ಣಿನ ವಿಷಯ ನನಗೆ ಇವತ್ತಿಗೂ ಗಂಟಲಲ್ಲಿ ಇಳಿಯುವುದಿಲ್ಲ. ಲಿಂಗ ನಿರ್ಧಾರಕ್ಕೆ ಅವರು ಬಳಸಿದ್ದು ಅಟ್ಯಾಕ್ ಅಂಕಿಯನ್ನು: ಕಡಿಮೆ ಇದ್ದರೆ ಹೆಣ್ಣು, ಹೆಚ್ಚಿದ್ದರೆ ಗಂಡು. ಸಮಪಾಲಿನ ಜಾತಿಗಳಲ್ಲಿ 7ರವರೆಗೆ ಹೆಣ್ಣು, 8ರಿಂದ ಮೇಲೆ ಗಂಡು. ಆಟದ ಮೊದಲಿಗೆ ಆರಿಸಿಕೊಳ್ಳುವ ಮೂರು ಪೊಕೆಮಾನ್‌ಗಳಲ್ಲಿ ಎಂಟಕ್ಕೆ ಒಂದು ಹೆಣ್ಣು, ಹಾಗಾಗಿ ಸೊನ್ನೆ ಅಥವಾ ಒಂದು ಬಂದರೆ ಮಾತ್ರ ಹೆಣ್ಣು. ಅಂದರೆ ಅತ್ಯುತ್ತಮ ಹೆಣ್ಣಿಗೂ ಅತ್ಯುತ್ತಮ ಗಂಡಿಗೂ ನೂರನೇ ಲೆವೆಲ್ಲಿನಲ್ಲಿ 28 ಅಂಕಿಯ ಅಂತರ. ಶೈನಿ ಆಗಲು ಅಟ್ಯಾಕ್ ಕನಿಷ್ಠ 2 ಬೇಕು, ಆದ್ದರಿಂದ ಈ ಮೂರು ಜಾತಿಗಳ ಹೆಣ್ಣು ಆ ಆಟದಲ್ಲಿ ಶೈನಿ ಆಗುವಂತೆಯೇ ಇಲ್ಲ. ಯಾರೋ ಕೂತು ದ್ವೇಷ ಸಾಧಿಸಿದರು ಅಂತ ನಾನು ಹೇಳುವುದಿಲ್ಲ. ಜಾಗ ಇರಲಿಲ್ಲ, ಇದ್ದುದರಲ್ಲಿ ಹೊಂದಿಸಿದರು. ಆದರೆ ಹೊಂದಿಸುವಾಗ ‘ಕಡಿಮೆ’ ಅನ್ನುವ ಕಡೆ ಯಾರನ್ನು ಕೂರಿಸಬೇಕು ಅನ್ನುವ ಪ್ರಶ್ನೆ ಯಾರಿಗೂ ಕಷ್ಟದ್ದಾಗಿ ತೋರಲಿಲ್ಲ ನೋಡಿ, ಅದು.

ಮೂರನೇ ಪೀಳಿಗೆಯ ‘ರೂಬಿ’ ಮತ್ತು ‘ಸಫೈರ್’ 2002ರ ನವೆಂಬರ್ 21ರಂದು ಬಂದಾಗ ಹಳೆಯ ಸಂಬಂಧ ಕಡಿದುಹಾಕಿದರು. ಹಳೆಯ ಪೊಕೆಮಾನ್ ತರುವ ದಾರಿಯೇ ಇಲ್ಲ. ಆರು ಗುಣ, ಪ್ರತಿಯೊಂದಕ್ಕೂ ಸೊನ್ನೆಯಿಂದ 31. ಜೊತೆಗೆ 32 ಬಿಟ್‌ನ ಇನ್ನೊಂದು ಗುಪ್ತ ಸಂಖ್ಯೆ. ಗಂಡೋ ಹೆಣ್ಣೋ, 25 ಸ್ವಭಾವಗಳಲ್ಲಿ ಯಾವುದು, ಸ್ಪಿಂಡಾದ ಮುಖದ ಮೇಲೆ ಚುಕ್ಕೆ ಎಲ್ಲೆಲ್ಲಿ, ಎಲ್ಲ ಅದರಿಂದ. ಹೆಣ್ಣಿಗೆ ಅಟ್ಯಾಕ್ ಕಡಿಮೆ ಅನ್ನುವ ಶಾಪ ಅಲ್ಲಿಗೆ ಮುಗಿಯಿತು. ಇದನ್ನೆಲ್ಲ ಯಾರೂ ಇಣುಕದ ಹಾಗೆ 48 ಬೈಟುಗಳನ್ನು ನಾಲ್ಕು ತುಂಡು ಮಾಡಿ, 24 ಬಗೆಯಲ್ಲಿ ಕಲಸಿ, ಬೀಗ ಬೇರೆ ಹಾಕಿಟ್ಟರು.

ಮುಖ್ಯವಾದ ಬದಲಾವಣೆ ದುಡಿಮೆಯ ಖಾತೆಯಲ್ಲಾಯಿತು. ಒಂದು ಗುಣಕ್ಕೆ 255, ಆರೂ ಸೇರಿ 510 ಅಂತ ಮಿತಿ ಬಂತು. ಅಂದರೆ ಎರಡು ಗುಣ ತುಂಬಿದರೆ ಮುಗಿಯಿತು. ಮೊದಲೆಲ್ಲ ತಾಳ್ಮೆ ಇದ್ದವನು ಎಲ್ಲವನ್ನೂ ತುಂಬಬಹುದಿತ್ತು, ಈಗ ಆರಿಸಿಕೊಳ್ಳಬೇಕು. ಆಟದ ದೃಷ್ಟಿಯಿಂದ ಇದು ಒಳ್ಳೆಯದೇ, ಯೋಚನೆಗೆ ಕೆಲಸ ಬಂತು. ಗುಹೆಯಲ್ಲಿ ಹೆಜ್ಜೆಹೆಜ್ಜೆಗೂ ಕಾಟ ಕೊಡುತ್ತಿದ್ದ ಜೂಬ್ಯಾಟ್ ಬಾವಲಿಗಳು ಒಂದೊಂದು ಸ್ಪೀಡ್ ಅಂಕ ಕೊಡುತ್ತವೆ ಅಂತ ಗೊತ್ತಾದ ಮೇಲೆ ಜನ ಅವನ್ನೇ ಹುಡುಕಿಕೊಂಡು ಹೋಗಿ 252 ಎಣಿಸಿ ಹೊಡೆದರು. 252 ಯಾಕೆ ಅಂದರೆ ನಾಲ್ಕಕ್ಕೆ ಒಂದರಂತೆ ಲಾಭ. ಅದರ ಮೇಲಿನ ಮೂರು ದಂಡ.

ಆದರೆ ದುಡಿಮೆಗೆ ಮಿತಿ ಬಿದ್ದ ಮೇಲೆ ಹುಟ್ಟಿನ ಬೆಲೆ ಏರಿತು. ಎಲ್ಲರೂ 510 ತುಂಬಿಸಿಕೊಂಡು ಬರುತ್ತಾರೆ ಅಂತಾದಾಗ ಉಳಿಯುವ ವ್ಯತ್ಯಾಸ ಹುಟ್ಟಿನದೇ. ಒಂದೇ ಜಾತಿಯ ಎರಡು ಪೊಕೆಮಾನ್ ಎದುರಾದರೆ ಸ್ಪೀಡ್ 31ರದು ಯಾವಾಗಲೂ 30ರದಕ್ಕಿಂತ ಮೊದಲು ಏಟು ಹಾಕುತ್ತದೆ. ಜಪಾನಿನ ಆಟಗಾರರು ಹುಟ್ಟಿನ ಅಂಕಿಗೆ ‘ಕೊಟೈಚಿ’, ದುಡಿಮೆಯದಕ್ಕೆ ‘ದೊರ್ಯೊಕುಚಿ’ ಅಂದರು. ಇಂಗ್ಲಿಷಿನವರು ಐವಿ, ಇವಿ ಅಂದರು. ಈ ಹೆಸರುಗಳನ್ನೆಲ್ಲ ಇಟ್ಟವರು ಆಡುವವರೇ. ಮೊಟ್ಟೆಯಿಂದ ಮರಿ ಮಾಡಿಸಿ, ಅಪ್ಪ ಅಮ್ಮನ ಒಳ್ಳೆಯ ಅಂಕಿ ಬಂದಿದೆಯಾ ನೋಡಿ, ಬಾರದಿದ್ದರೆ ಮತ್ತೊಂದು ಮೊಟ್ಟೆ. ಪೆಟ್ಟಿಗೆ ತುಂಬ ಬೇಡದ ಮರಿಗಳು. ದನದ ಜಾತ್ರೆಯಲ್ಲಿ ಸುಳಿ ನೋಡಿ ಎತ್ತು ಕೊಳ್ಳುವವರನ್ನು ನಾನು ಬಲ್ಲೆ. ಅವರೂ ಒಂದು ಎತ್ತಿಗಾಗಿ ಇನ್ನೂರು ಕರುಗಳನ್ನು ಹುಟ್ಟಿಸಿ ಬಿಡುವುದಿಲ್ಲ.

ಇನ್ನು ಮುಹೂರ್ತದ ಕಥೆ ಕೇಳಿ. ಕಂಪ್ಯೂಟರಿನ ಆಕಸ್ಮಿಕ ಅನ್ನುವುದು ನಿಜವಾದ ಆಕಸ್ಮಿಕವಲ್ಲ, ಒಂದು ಬೀಜಸಂಖ್ಯೆಯಿಂದ ಶುರುವಾಗಿ ಗುಣಿಸಿ ಕೂಡಿಸಿ ಹುಟ್ಟುವ ಸರಣಿ. 2004ರ ‘ಎಮರಾಲ್ಡ್’ನಲ್ಲಿ ಒಂದು ಎಡವಟ್ಟಾಗಿ ಆಟ ಶುರು ಮಾಡಿದಾಗಲೆಲ್ಲ ಬೀಜ ಸೊನ್ನೆಯೇ ಇರುತ್ತಿತ್ತು. ಸೆಕೆಂಡಿಗೆ ಸುಮಾರು 60 ಹೆಜ್ಜೆಯಂತೆ ಸರಣಿ ಮುಂದೆ ಸಾಗುತ್ತೆ. ಅಂದರೆ ಆನ್ ಮಾಡಿ ಇಷ್ಟು ನಿಮಿಷ ಇಷ್ಟು ಸೆಕೆಂಡಿನ ಇಷ್ಟನೇ ಭಾಗದಲ್ಲಿ ಬಟನ್ ಒತ್ತಿದರೆ ಇಂಥದೇ ಹಣೆಬರಹದ ಪೊಕೆಮಾನ್ ಸಿಗುತ್ತದೆ ಅಂತ ಮೊದಲೇ ಲೆಕ್ಕ ಹಾಕಬಹುದು. ಜನ ಸ್ಟಾಪ್‌ವಾಚ್ ಹಿಡಿದು ಕೂತರು. ನಾಲ್ಕನೇ ಪೀಳಿಗೆಯ ಆಟಗಳಲ್ಲಂತೂ ಬೀಜ ಹುಟ್ಟುತ್ತಿದ್ದದ್ದು ಯಂತ್ರದ ಗಡಿಯಾರದಿಂದ: ತಿಂಗಳನ್ನು ತಾರೀಕಿನಿಂದ ಗುಣಿಸಿ ನಿಮಿಷ, ಸೆಕೆಂಡು ಕೂಡಿಸಿ, ಪಕ್ಕದಲ್ಲಿ ಗಂಟೆ, ಆಮೇಲೆ ವರ್ಷ. ಇದು ಜಾತಕವಲ್ಲದೆ ಇನ್ನೇನು ಹೇಳಿ? ಬೇಕಾದ ಮಗು ಹುಟ್ಟಲು ಯಂತ್ರದ ತಾರೀಕನ್ನೇ ತಿದ್ದಿ ಕಾಯುತ್ತಿದ್ದರು.

ಅಷ್ಟು ತಾಳ್ಮೆ ಇಲ್ಲದವರು ಪ್ರೋಗ್ರಾಮ್ ಬಳಸಿ ನೇರವಾಗಿ 31 ಬರೆದುಕೊಂಡರು. ಇದು ಮೋಸವೇ ಅಂತ ಕೇಳಿದರೆ ನಿಯಮದ ಪ್ರಕಾರ ಹೌದು. 2023ರ ಆಗಸ್ಟ್‌ನಲ್ಲಿ ಯೊಕೊಹಾಮಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಹಾಗೆ ತಯಾರಿಸಿದ ಪೊಕೆಮಾನ್ ಸಿಕ್ಕಿಬಿದ್ದು ಹಲವರು ಅನರ್ಹರಾದರು. 2024ರಲ್ಲಿ ತಿದ್ದಿದ ಪೊಕೆಮಾನ್ ಮಾರಿದ ಆರೋಪದ ಮೇಲೆ ಜಪಾನಿನ ಕೊಚಿ ಪ್ರಾಂತ್ಯದಲ್ಲಿ (ನಮ್ಮ ಪಕ್ಕದ ಕೊಚ್ಚಿಯಲ್ಲ) ಒಬ್ಬನ ಬಂಧನವೂ ಆಯಿತು. ಯೊಕೊಹಾಮಾದ ಗಲಾಟೆಯಲ್ಲಿ ಆಟಗಾರರು ಎತ್ತಿದ ಪ್ರಶ್ನೆ ಮಾತ್ರ ಸುಲಭದ್ದಲ್ಲ. ಚದುರಂಗದ ಪಂದ್ಯಕ್ಕೆ ಬರುವವನು ಮೊದಲು ಮರ ಕಡಿದು ಕಾಯಿ ಕೆತ್ತಿಕೊಂಡು ಬರಲಿ ಅಂದರೆ, ಬಿಡುವು ಇರುವವನಿಗಷ್ಟೇ ಪಂದ್ಯ ಅಂದ ಹಾಗಾಗಲಿಲ್ಲವೇ?

ಕಂಪನಿಗೆ ಇದು ಅರ್ಥವಾಗದೆ ಇರಲಿಲ್ಲ. ಗುಟ್ಟನ್ನು ಅವರು ಒಂದೇ ಸಲ ಬಿಚ್ಚದೆ ಕಂತುಕಂತಾಗಿ ಬಿಟ್ಟುಕೊಟ್ಟರು. ‘ರೂಬಿ’ಯಲ್ಲಿ 510 ತುಂಬಿದ ಪೊಕೆಮಾನ್‌ಗೆ ಸ್ಲೇಟ್‌ಪೋರ್ಟ್ ಸಂತೆಯಲ್ಲಿ ಒಬ್ಬಾಕೆ ರಿಬ್ಬನ್ ಕಟ್ಟುತ್ತಾಳೆ, ಯಾಕೆ ಅಂತ ಬಿಡಿಸಿ ಹೇಳುವುದಿಲ್ಲ. 2006ರ ‘ಡೈಮಂಡ್’ ಮತ್ತು ‘ಪರ್ಲ್’ನಲ್ಲಿ ಪ್ರತಿ ಪೊಕೆಮಾನ್ ಬಗ್ಗೆ ಓಡುವುದು ಇಷ್ಟ, ತಿನ್ನುವುದು ಇಷ್ಟ ಅಂತ ಒಂದು ಸಾಲು ಬಂತು, ಅದರ ಅತಿ ಹೆಚ್ಚಿನ ಗುಪ್ತ ಅಂಕಿ ಯಾವುದು ಅನ್ನುವ ಸನ್ನೆ ಅದು. ಆ ಪೀಳಿಗೆಯ ಕೊನೆಯ ಆಟಗಳಲ್ಲಿ ಪೊಕೆಮಾನ್ ನೋಡಿ ತೀರ್ಪು ಹೇಳುವವನೊಬ್ಬ ಬಂದು ನಿಂತ. ಅವನೂ ಅಂಕಿ ಹೇಳುವುದಿಲ್ಲ, ಒಗಟಿನ ಮಾತು ಆಡುತ್ತಾನೆ. ಯಾವ ಮಾತಿಗೆ ಯಾವ ಅಂಕಿ ಅಂತ ಜನ ಪಟ್ಟಿ ಮಾಡಿಟ್ಟುಕೊಂಡರು. 2013ರ ಅಕ್ಟೋಬರ್ 12ಕ್ಕೆ ಬಂದ ‘ಎಕ್ಸ್’ ಮತ್ತು ‘ವೈ’ನಲ್ಲಿ ದುಡಿಮೆಯ ಖಾತೆ ಮೊದಲ ಸಲ ಚಿತ್ರವಾಗಿ ಪರದೆಯ ಮೇಲೆ ಕಂಡಿತು, ಹದಿನೇಳು ವರ್ಷದ ಮೇಲೆ. ಹಣೆಬರಹವನ್ನು ಪೆಟ್ಟಿಗೆಯ ಪಕ್ಕದಲ್ಲೇ ತೋರಿಸಿದ್ದು 2016ರ ನವೆಂಬರ್‌ನ ‘ಸನ್’ ಮತ್ತು ‘ಮೂನ್’.

ತೋರಿಸಿದರೆ ಒಳ್ಳೆಯದಾಯಿತೇ? ಅದೇ 2016ರ ಜುಲೈಯಲ್ಲಿ ‘ಪೊಕೆಮಾನ್ ಗೋ’ ಹೊರಬಂದಿತ್ತು. ಭಾರತಕ್ಕೆ ಅಧಿಕೃತವಾಗಿ ಬಂದದ್ದು ಡಿಸೆಂಬರ್‌ನಲ್ಲಿ, ಜಿಯೋ ಜೊತೆ ಸೇರಿ. ಕಬ್ಬನ್ ಪಾರ್ಕಿನಲ್ಲಿ ಫೋನ್ ನೋಡುತ್ತಾ ಎಡವುವವರು ಅಷ್ಟರಲ್ಲಾಗಲೇ ಹುಟ್ಟಿಕೊಂಡಿದ್ದರು. ಅದರಲ್ಲಿ ಮೂರೇ ಗುಣ, ಸೊನ್ನೆಯಿಂದ 15. ಮೊದಮೊದಲು ತಂಡದ ನಾಯಕ ಬಾಯಿಮಾತಿನಲ್ಲಿ ಒಂದಿಷ್ಟು ಹೇಳುತ್ತಿದ್ದ. 2019ರಿಂದ ಮೂರು ಪಟ್ಟಿ, ನಕ್ಷತ್ರ, ಎಲ್ಲ ಬಟಾಬಯಲು. ನನ್ನ ಅಕ್ಕನ ಮಗನಿಗೆ ಆಗ ಒಂಬತ್ತು ವರ್ಷ. ಅವನ ಹತ್ತಿರ ಒಂದು ಈವೀ ಇತ್ತು, ಅವನ ‘ಬಡ್ಡಿ’ (ಸಾಲದ್ದಲ್ಲ, ಇಂಗ್ಲಿಷಿನ ಜೊತೆಗಾರ). ಶಾಲೆಗೆ, ಅಂಗಡಿಗೆ, ಅಜ್ಜಿ ಮನೆಗೆ ಅದನ್ನು ನಡೆಸಿಕೊಂಡೇ ಹೋಗುತ್ತಿದ್ದ. ಒಂದು ದಿನ ಫೋನ್ ತಂದು ತೋರಿಸಿದ. ‘ಮಾಮಾ, ನೋಡಿಲ್ಲಿ, ಒಂದೇ ಸ್ಟಾರು. ಇದು ವೇಸ್ಟ್ ಪೀಸು.’ ಪಟ್ಟಿಗಳು ಪೂರ್ತಿ ತುಂಬಿರಲಿಲ್ಲ. ‘ಇಟ್ಕೋಳೋ, ಇಷ್ಟು ದಿನ ನಿನ್ನ ಜೊತೆ ಓಡಾಡಿದೆ’ ಅಂದೆ. ‘ಓಡಾಡಿದ್ರೆ ಪಟ್ಟಿ ಜಾಸ್ತಿ ಆಗುತ್ತಾ?’ ಅಂತ ಕೇಳಿದ. ಇಲ್ಲ ಅನ್ನಬೇಕಾಯಿತು. ಆ ಆಟದಲ್ಲಿ ಕ್ಯಾಂಡಿ ಕೊಟ್ಟು ಎಷ್ಟು ಬೆಳೆಸಿದರೂ ಆ ಪಟ್ಟಿ ಇದ್ದಷ್ಟೇ. ಪ್ರೊಫೆಸರ್‌ಗೆ ಕಳಿಸಿ ಒಂದು ಕ್ಯಾಂಡಿ ತಗೊಂಡ.

ದೊಡ್ಡವರ ಹುಚ್ಚೂ ಕಡಿಮೆಯದಲ್ಲ. ಮೂರಕ್ಕೂ 15 ಬಂದದ್ದಕ್ಕೆ ಮುಗಿಬೀಳುವವರಿದ್ದಾರೆ. ಮೂರಕ್ಕೂ ಸೊನ್ನೆ ಬರುವುದೂ ಅಷ್ಟೇ ಅಪರೂಪ, 4,096ರಲ್ಲಿ ಒಂದು. ಅದನ್ನೇ ಹುಡುಕಿ ಕೂಡಿಡುವವರೂ ಇದ್ದಾರೆ. ನನಗೆ ಈ ಎರಡನೆಯವರ ಮೇಲೆ ಸ್ವಲ್ಪ ಪ್ರೀತಿ ಜಾಸ್ತಿ.

ಮೂಲ ಸರಣಿಯವರು ಮಾತ್ರ ‘ಸನ್’ ಮತ್ತು ‘ಮೂನ್’ನಲ್ಲಿ ಹಣೆಬರಹ ತೋರಿಸುವುದರ ಜೊತೆಗೆ ಅದಕ್ಕೆ ಮದ್ದನ್ನೂ ಕೊಟ್ಟರು. ನೂರನೇ ಲೆವೆಲ್ ಮುಟ್ಟಿದ ಪೊಕೆಮಾನ್‌ಗೆ ಬಾಟಲ್ ಕ್ಯಾಪ್ ಕೊಟ್ಟು ತರಬೇತಿ ಮಾಡಿಸಿದರೆ ಆ ಗುಣ 31 ಇದ್ದ ಹಾಗೇ ನಡೆಯುತ್ತದೆ. ಬೆಳ್ಳಿಯದಾದರೆ ಒಂದು ಗುಣ, ಚಿನ್ನದ್ದಾದರೆ ಆರೂ. ಹೌದು, ಬಾಟ್ಲಿ ಮುಚ್ಚಳವೇ. 2019ರ ‘ಸ್ವೋರ್ಡ್’ ಮತ್ತು ‘ಶೀಲ್ಡ್’ನಲ್ಲಿ ಸ್ವಭಾವ ಬದಲಿಸುವ ಪುದೀನ ಸೊಪ್ಪು ಬಂತು. 2022ರ ‘ಸ್ಕಾರ್ಲೆಟ್’ ಮತ್ತು ‘ವಯೊಲೆಟ್’ನಲ್ಲಿ ತರಬೇತಿಗೆ 50ನೇ ಲೆವೆಲ್ ಸಾಕು ಅಂದರು. ಮೊದಲ ದಿನ ಕೈಗೆ ಬಂದ ಜೊತೆಗಾರನನ್ನೇ ವಿಶ್ವ ಪಂದ್ಯಕ್ಕೆ ಕರೆದುಕೊಂಡು ಹೋಗಬಹುದು ಈಗ.

ಆದರೆ ಒಳಗೆ ಏನಾಗುತ್ತೆ ಅಂತ ನೋಡಿದರೆ, ಮುಚ್ಚಳ ಕೊಟ್ಟರೂ ಹಳೆಯ ಅಂಕಿ ಅಳಿಯುವುದಿಲ್ಲ. ಪಕ್ಕದಲ್ಲಿ ಒಂದು ಗುರುತು ಬೀಳುತ್ತದೆ, ಅಷ್ಟೇ: ಲೆಕ್ಕ ಹಾಕುವಾಗ ಇದನ್ನು 31 ಅಂತ ಹಿಡಿ. ಮೊಟ್ಟೆ ಇಟ್ಟರೆ ಮರಿಗೆ ಹೋಗುವುದು ಅಡಿಯಲ್ಲಿರುವ ಹಳೆಯ ಅಂಕಿಯೇ. ಪುದೀನವೂ ಹಾಗೇ. ಹಠಮಾರಿ ಹಠಮಾರಿಯಾಗಿಯೇ ಉಳಿಯುತ್ತದೆ, ಮೈಗೆ ಹತ್ತುವ ಫಲ ಮಾತ್ರ ಬೇರೆ.

1996ರ ಎರಡು ಬೈಟುಗಳೂ ಇನ್ನೊಮ್ಮೆ ಓದಿಸಿಕೊಂಡವು. ಹಳೆಯ ‘ರೆಡ್’ ಮತ್ತು ಅದರ ಜೊತೆಯ ಆಟಗಳನ್ನು 2016ರ ಫೆಬ್ರವರಿ 27ರಂದು 3ಡಿಎಸ್ ಯಂತ್ರಕ್ಕೆ ಮತ್ತೆ ತಂದರು. ಅವುಗಳಲ್ಲಿ ಹಿಡಿದ ಪೊಕೆಮಾನ್‌ಗಳನ್ನು ‘ಸನ್’ ಮತ್ತು ‘ಮೂನ್’ಗೆ ಸಾಗಿಸುವ ದಾರಿ 2017ರ ಜನವರಿಯಲ್ಲಿ ತೆರೆಯಿತು. 16 ಬಿಟ್‌ಗಳಲ್ಲಿ ಶೈನಿಯ ಗುರುತು ಇದೆಯಾ ಅಂತ ನೋಡಿ ಅದನ್ನು ಉಳಿಸಿಕೊಟ್ಟರು. ಬಲದ ಅಂಕಿಗಳನ್ನು ಮಾತ್ರ ಪಕ್ಕಕ್ಕಿಟ್ಟು, ಆರರಲ್ಲಿ ಕನಿಷ್ಠ ಮೂರಕ್ಕೆ 31 ಬರುವಂತೆ ಹೊಸದಾಗಿ ಬರೆದರು. ಹಳೆಯ ಕಾಲದಲ್ಲಿ ಸ್ವಭಾವ ಅನ್ನುವುದೇ ಇರಲಿಲ್ಲ, ಅದನ್ನು ಎಲ್ಲಿಂದ ತರಬೇಕು? ಆ ಪೊಕೆಮಾನ್ ಅದುವರೆಗೆ ಗಳಿಸಿದ ಒಟ್ಟು ಅನುಭವದ ಅಂಕವನ್ನು 25ರಿಂದ ಭಾಗಿಸಿ, ಉಳಿದ ಶೇಷವೇ ಅದರ ಸ್ವಭಾವ ಅಂದರು. ಬಂದದ್ದು ಇಷ್ಟವಾಗದಿದ್ದರೆ ಸಾಗಿಸುವ ಮೊದಲು ಹುಲ್ಲಿಗೆ ಇಳಿದು ಇನ್ನೊಂದು ಪಿಜ್ಜಿಯನ್ನು ಹೊಡೆದು ಬಂದರಾಯಿತು.